ತೋಟಕ್ಕೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಪಿಕಪ್ ತಂದ ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದರೆ ಡೀಲರ್ ಮೊದಲು ತೋರಿಸುವುದು ಪಾಲಿಶ್ ಹೊಡೆದ ಬಾನೆಟ್, ಹೊಸ ಸೀಟ್ ಕವರ್, ದೊಡ್ಡ ಪರದೆಯ ಮ್ಯೂಸಿಕ್ ಸಿಸ್ಟಮ್. ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಗೆ ನಾವು ಜಾಸ್ತಿ ದುಡ್ಡು ಕೊಡುವುದು ಇದ್ಯಾವುದಕ್ಕೂ ಅಲ್ಲ. ಕೆಳಗಿರುವ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಹೌಸಿಂಗ್ (ಚಕ್ರಗಳ ನಡುವಿನ ಗೇರಿನ ಗೂಡು), ಇವೆರಡರ ನಡುವಿನ ಶಾಫ್ಟ್, ಇವಕ್ಕೆ ಕೊಡುತ್ತೇವೆ. ಅವು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಜನ ಅವನ್ನು ನೋಡುವುದೂ ಇಲ್ಲ. ನಾನು ನೋಡಿದ ರೀತಿ, ಡೀಲರ್ ಜೊತೆ ಮಾತಾಡಿದ ರೀತಿ, ಕಾಗದ ಮಾಡಿಸಿಕೊಂಡ ರೀತಿ ಇಲ್ಲಿ ಬರೆದಿದ್ದೇನೆ. ನಮ್ಮ ಕಡೆಯ ಬೆಳೆಗಾರರಿಗೆ ಉಪಯೋಗಕ್ಕೆ ಬರಬಹುದು.

ನಮ್ಮ ತೋಟ ಸಕಲೇಶಪುರದ ಕಡೆ. ಮನೆಯಿಂದ ಕೆಳಗಿನ ರೊಬಸ್ಟಾ ಬ್ಲಾಕಿಗೆ ಹೋಗುವುದು ಕಡಿದಾದ ಮಣ್ಣಿನ ರಸ್ತೆ. ಜೂನ್ ಬಂತು ಅಂದರೆ ಅಲ್ಲಿ ಟೂ ವೀಲ್ ಡ್ರೈವ್ ಗಾಡಿ ಹತ್ತುವುದಿಲ್ಲ. ಹಳೆಯ ಜೀಪು ಇತ್ತು, ಇನ್ನೂ ಇದೆ. ಆದರೆ ಗೊಬ್ಬರದ ಮೂಟೆ, ಡೀಸೆಲ್ ಪಂಪು, ಸ್ಪ್ರಿಂಕ್ಲರ್ ಪೈಪು ಎಲ್ಲ ಹೊತ್ತು, ಜೊತೆಗೆ ಕೆಲಸದವರನ್ನೂ ಸುರಕ್ಷಿತವಾಗಿ ಕೂರಿಸಿಕೊಂಡು ಹೋಗುವುದು ಅದರಿಂದ ಆಗುತ್ತಿರಲಿಲ್ಲ. ಡಬಲ್ ಕ್ಯಾಬಿನ್ ಇರುವ ಫೋರ್ ವೀಲ್ ಪಿಕಪ್ಪೇ ಬೇಕು ಅಂತ ತೀರ್ಮಾನ ಆಯಿತು.

ಹಳೆ ಗಾಡಿಗಳ ಮಾರ್ಕೆಟ್‌ನಲ್ಲಿ ಇಂಥವು ಹೆಚ್ಚಿಲ್ಲ. ಮಹೀಂದ್ರ ಬೊಲೆರೊ ಕ್ಯಾಂಪರ್‌ನ ಫೋರ್ ವೀಲ್ ಮಾಡೆಲ್ ಸಿಗುತ್ತದೆ. ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಜೆನಾನ್ ಅಪರೂಪಕ್ಕೆ ಸಿಗುತ್ತವೆ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಇದೆ. ಟೊಯೊಟಾ ಹೈಲಕ್ಸ್ ನಮ್ಮ ದೇಶಕ್ಕೆ ಬಂದದ್ದೇ 2022ರಲ್ಲಿ. ಹಳೆಯದಾದರೂ ಅದರ ಬೆಲೆ ನಮಗೆ ಎಟುಕುವ ಹಾಗಿರಲಿಲ್ಲ.

ಗೆಟ್‌ಅವೇ ಮತ್ತು ಜೆನಾನ್ ಎರಡೂ ಗಟ್ಟಿ ಗಾಡಿಗಳು. ಆದರೆ ಅವುಗಳ ಉತ್ಪಾದನೆ ನಿಂತಿದೆ. ಗೆಟ್‌ಅವೇಯ ಎಂಜಿನ್ ಸಾಮಾನು ಸ್ಕಾರ್ಪಿಯೊದಿಂದ ಸಿಗುತ್ತದೆ, ಹಿಂದಿನ ಡಾಲಾದ (ಸರಕು ತುಂಬುವ ತೊಟ್ಟಿ) ಬಾಗಿಲೋ ಲೈಟೋ ಒಡೆದರೆ ಮಾತ್ರ ಹುಡುಕಾಟ. ಕ್ಯಾಂಪರ್ ಸರಳ, ಯಾವ ಊರಲ್ಲೂ ರಿಪೇರಿ ಆಗುತ್ತದೆ. ಅದು ಹಳದಿ ಬೋರ್ಡ್ ಗಾಡಿ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಹಳದಿ ಬೋರ್ಡ್ ಓಡಿಸಲು ಬೇರೆ ಬ್ಯಾಡ್ಜ್ ಬೇಕು ಅಂತ ಇನ್ನೂ ತುಂಬಾ ಜನ ನಂಬಿದ್ದಾರೆ. ಒಟ್ಟು ತೂಕ 7,500 ಕಿಲೋ ದಾಟದ ಗಾಡಿಗೆ ಸಾಮಾನ್ಯ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು.

ನಾನು ವಿ-ಕ್ರಾಸ್ ಕಡೆ ವಾಲಿದೆ. ಮನೆಯವರನ್ನು ಕೂರಿಸಿಕೊಂಡು ಬೆಂಗಳೂರಿಗೂ ಹೋಗಿ ಬರಬಹುದು. ಬಿಳಿ ಬೋರ್ಡ್ ಆದ್ದರಿಂದ ಲೈಫ್ ಟ್ಯಾಕ್ಸ್ ಒಂದು ಸಲ ಕಟ್ಟಿದ್ದಾಗಿರುತ್ತದೆ, ವರ್ಷ ವರ್ಷ ಎಫ್‌ಸಿ ಓಡಾಟ ಇಲ್ಲ. ಬಾಡಿಗೆಗೆ ಹೊಡೆಯುವ ಹಾಗಿಲ್ಲ, ಅದು ನಮಗೆ ಬೇಕಾಗಿಯೂ ಇರಲಿಲ್ಲ. ಹಳೆ ಮಾಡೆಲ್‌ನಲ್ಲಿ 2.5 ಲೀಟರ್ ಡೀಸೆಲ್ ಎಂಜಿನ್, ಐದು ಗೇರು, 320 ನ್ಯೂಟನ್ ಮೀಟರ್ ಟಾರ್ಕ್. ಹಿಂದೆ ಪ್ಲೇಟ್ (ಲೀಫ್ ಸ್ಪ್ರಿಂಗ್) ಸಸ್ಪೆನ್ಷನ್. ನಮ್ಮ ಏರಿಗೆ ಧಾರಾಳ ಸಾಕು. ಒಂದೇ ಯೋಚನೆ ಇದ್ದದ್ದು ಉದ್ದದ್ದು. ಸುಮಾರು 5.3 ಮೀಟರ್. ಜೀಪು ಒಂದೇ ಏಟಿಗೆ ತಿರುಗುವ ತಿರುವಿನಲ್ಲಿ ಇದನ್ನು ಹಿಂದೆ ಮುಂದೆ ಮಾಡಿ ತಿರುಗಿಸಬೇಕು. ಅದಕ್ಕೇ ಗಾಡಿ ಹುಡುಕುವ ಮೊದಲು ಟೇಪ್ ಹಿಡಿದು ತೋಟದ ತಿರುವುಗಳನ್ನು ಅಳೆದೆ. ಒಂದು ಕಡೆ ಜೆಸಿಬಿ ತರಿಸಿ ದರೆ ಕಡಿಸಬೇಕಾಯಿತು. ಆ ಖರ್ಚನ್ನೂ ಗಾಡಿಯ ಬೆಲೆಗೇ ಸೇರಿಸಿ ಲೆಕ್ಕ ಹಾಕಿದೆ.

ಎಲ್ಲಿಂದ ಬಂದ ಗಾಡಿ ಅನ್ನುವುದನ್ನು ಬೆಲೆಗಿಂತ ಮೊದಲು ಕೇಳಬೇಕು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಕೋರ್ಟ್‌ಗಳ ಆದೇಶದಿಂದ ನಿರ್ಬಂಧ ಬಂದಿತ್ತು. ಹಾಗಾಗಿ ಆ ಕಡೆಯ ಡೀಸೆಲ್ ಗಾಡಿಗಳು ಕಡಿಮೆ ಬೆಲೆಗೆ ಬೇರೆ ರಾಜ್ಯಗಳಿಗೆ ಬಂದಿವೆ. ನೋಡಲು ಚೆಂದ ಇರುತ್ತವೆ. ಆದರೆ ಅಲ್ಲಿಂದ ಎನ್‌ಒಸಿ ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಮಾಡಿಸುವಷ್ಟರಲ್ಲಿ ಉಳಿದ ದುಡ್ಡೆಲ್ಲ ಹೋಗಿರುತ್ತದೆ. ಕರಾವಳಿಯ ಗಾಡಿ ಆದರೆ ತುಕ್ಕು. ಮೀನಿನ ಬಾಕ್ಸ್ ಹೊತ್ತ ಪಿಕಪ್ ಆಗಿದ್ದರಂತೂ ಐಸ್ ಕರಗಿದ ಉಪ್ಪುನೀರು ಡಾಲಾದಿಂದ ಚಾಸಿಗೆ ಇಳಿದಿರುತ್ತದೆ. ಇನ್ನು 2018ರ ಆಗಸ್ಟ್‌ನಲ್ಲಿ ಕೇರಳದಲ್ಲೂ ಕೊಡಗಿನಲ್ಲೂ ಆದ ಪ್ರವಾಹ ಎಲ್ಲರಿಗೂ ನೆನಪಿದೆ. ಅದಕ್ಕಿಂತ ಹಳೆಯ ಗಾಡಿ ಆದರೆ ನೀರಲ್ಲಿ ಮುಳುಗಿತ್ತೋ ಅಂತ ನೋಡಲೇಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಭಾಗ ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್, ವೈರಿಂಗ್ ಕನೆಕ್ಟರ್ ತುಕ್ಕು ಹಿಡಿದಿದ್ದರೆ ಆ ಗಾಡಿ ಬೇಡ.

ಗಾಡಿ ನೋಡಲು ನಮ್ಮೂರಿನ ಗಾಡಿ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ತೋಟದ ಜೀಪುಗಳ ಹೌಸಿಂಗ್ ಬಿಚ್ಚಿ ಜೋಡಿಸುವುದರಲ್ಲೇ ಅವರ ಆಯಸ್ಸು ಕಳೆದಿದೆ. ಒಂದು ದಿನದ ಕೂಲಿ, ಊಟ, ಬಸ್ ಚಾರ್ಜ್ ಕೊಟ್ಟರೆ ಆಯಿತು. ಲಕ್ಷಗಟ್ಟಲೆ ಕೊಡುವಾಗ ಇದು ಏನೂ ಅಲ್ಲ. ಹೊರಡುವ ಮೊದಲು ಡೀಲರ್‌ಗೆ ಫೋನ್ ಮಾಡಿ ಹೇಳಿದ್ದೆ: "ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ." ತಣ್ಣಗಿರುವ ಡೀಸೆಲ್ ಎಂಜಿನ್ ಮೊದಲ ಸಲ ಹೇಗೆ ಎದ್ದೇಳುತ್ತದೆ ಅನ್ನುವುದರಲ್ಲಿ ಅರ್ಧ ವಿಷಯ ಗೊತ್ತಾಗುತ್ತದೆ. ಅಲ್ಲಿಗೆ ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿದೆವು. ಬಿಸಿ ಇದ್ದ ಒಂದು ಕಡೆ ಕಾಫಿ ಕುಡಿದು ಕಾದೆವು, ಎಂಜಿನ್ ಆರಲಿ ಅಂತ.

ಬೆಂಗಳೂರಿನಲ್ಲಿ ನಾವು ಮೊದಲು ನೋಡಿದ ವಿ-ಕ್ರಾಸ್ ನೋಡಲು ತುಂಬಾ ಚೆನ್ನಾಗಿತ್ತು. ಸಿಂಗಲ್ ಓನರ್, ಕಡಿಮೆ ಕಿಲೋಮೀಟರ್. ಎಂಜಿನ್ ಹೊಗೆ ಇಲ್ಲದೆ ಎದ್ದಿತು. ಡೀಲರ್ ಅಂಗಳದಲ್ಲಿ ಇದ್ದದ್ದು ಕಾಂಕ್ರೀಟ್ ನೆಲ. ಮಣ್ಣಿನ ಜಾಗಕ್ಕೆ ಹೋಗೋಣ ಅಂದೆ. "ಯಾಕೆ ಸಾರ್, ಇಲ್ಲೇ ಹಾಕಿ ತೋರಿಸ್ತೀನಿ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಫೋರ್ ವೀಲ್ ತೆಗೆದುಕೊಳ್ಳುವವರು ತಿಳಿದಿರಬೇಕಾದ ಮುಖ್ಯ ವಿಷಯ ಇದೇ. ನಮ್ಮ ಪಿಕಪ್‌ಗಳಲ್ಲಿ ಇರುವುದು ಪಾರ್ಟ್ ಟೈಮ್ ಫೋರ್ ವೀಲ್. ಅದನ್ನು ಹಾಕಿದಾಗ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಲಾಕ್ ಆಗುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ಗಾಡಿ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ. ಮಣ್ಣಾದರೆ ಚಕ್ರ ಚೂರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಟಾರ್ ಅಥವಾ ಕಾಂಕ್ರೀಟ್ ಮೇಲೆ ಜಾರುವುದಿಲ್ಲ. ಆ ಎಳೆತವೆಲ್ಲ ಟ್ರಾನ್ಸ್‌ಫರ್ ಕೇಸ್, ಕ್ರಾಸ್ (ಶಾಫ್ಟ್‌ನ ಜಾಯಿಂಟ್), ಆಕ್ಸಲ್ ಮೇಲೆ ಬೀಳುತ್ತದೆ. ಸ್ಟೇರಿಂಗ್ ಬಿಗಿಯಾಗುತ್ತದೆ, ಗಾಡಿ ಹಿಡಿದು ನಿಲ್ಲಿಸಿದ ಹಾಗಾಗುತ್ತದೆ. ಹೀಗೆ ಓಡಿಸಿ ಓಡಿಸಿಯೇ ಎಷ್ಟೋ ಗಾಡಿಗಳ ಮುಂದಿನ ಹೌಸಿಂಗ್ ಹಾಳಾಗಿರುತ್ತದೆ. ನಾಲ್ಕು ಟೈರ್ ಒಂದೇ ಸೈಜು, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು ಅನ್ನುವುದೂ ಇದೇ ಕಾರಣಕ್ಕೆ. ಮುಂದೆ ಹೊಸ ಟೈರ್, ಹಿಂದೆ ಬೋಳು ಟೈರ್ ಇದ್ದರೆ ನೇರ ರಸ್ತೆಯಲ್ಲೂ ಶಾಫ್ಟ್‌ಗಳು ಒಂದನ್ನೊಂದು ಎಳೆಯುತ್ತವೆ.

ಕೊನೆಗೆ ಹತ್ತಿರದ ಒಂದು ಖಾಲಿ ಲೇಔಟ್‌ಗೆ ಹೋದೆವು. ವಿ-ಕ್ರಾಸ್‌ನಲ್ಲಿ ಫೋರ್ ವೀಲ್‌ಗೆ ಲಿವರ್ ಇಲ್ಲ, ತಿರುಗಿಸುವ ಗುಂಡಿ ಇದೆ. 4ಎಚ್‌ಗೆ (ಮಾಮೂಲು ವೇಗದ ಫೋರ್ ವೀಲ್) ಓಡುತ್ತಿರುವಾಗಲೇ ಹಾಕಬಹುದು. 4ಎಲ್‌ಗೆ (ನಿಧಾನ, ಜಾಸ್ತಿ ಎಳೆತದ ಫೋರ್ ವೀಲ್) ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ತಿರುಗಿಸಬೇಕು. ಡ್ಯಾಶ್‌ಬೋರ್ಡ್‌ನ ದೀಪ ಮಿಣುಕಿ, ಆಮೇಲೆ ನಿಂತು ಉರಿಯಬೇಕು. ಆ ಗಾಡಿಯಲ್ಲಿ 4ಎಲ್ ದೀಪ ಮಿಣುಕುತ್ತಲೇ ಇತ್ತು. ಎಷ್ಟು ಹೊತ್ತು ಕಾದರೂ ನಿಲ್ಲಲಿಲ್ಲ.

"ಅದು ಬರೀ ಸೆನ್ಸರ್ ಸಾರ್. ಡೆಲಿವರಿ ಆದ್ಮೇಲೆ ನಮ್ಮ ಹುಡುಗ ಬಂದು ಸರಿ ಮಾಡ್ತಾನೆ" ಅಂದರು ಡೀಲರ್.

"ಸೆನ್ಸರ್ ಆದ್ರೆ ಈಗ್ಲೇ ಹಾಕ್ಸಿ ಕೊಡಿ, ನಾವು ಇನ್ನೊಂದ್ಸಲ ಬರ್ತೀವಿ" ಅಂದರು ಮೇಸ್ತ್ರಿ. ಡೀಲರ್ ಮಾತು ಬದಲಾಯಿಸಿದರು. ಅಲ್ಲಿಂದ ಹೊರಟೆವು.

ಪೇಟೆಯ ಗಾಡಿಗಳಲ್ಲಿ ಇದು ಮಾಮೂಲು ತೊಂದರೆ. ಚೆಂದಕ್ಕೆ ಅಂತ ತೆಗೆದುಕೊಂಡವರು ಫೋರ್ ವೀಲ್ ಹಾಕುವುದೇ ಇಲ್ಲ. ವರ್ಷಗಟ್ಟಲೆ ಅಲುಗಾಡದೆ ಇದ್ದರೆ ಅದನ್ನು ಜೋಡಿಸುವ ಭಾಗ ಜಾಮ್ ಆಗುತ್ತದೆ, ಆಯಿಲ್ ಎಲ್ಲ ಕಡೆ ಹರಡುವುದಿಲ್ಲ. ಕಡಿಮೆ ಓಡಿದ ಪೇಟೆ ಗಾಡಿಗಿಂತ, ಸರಿಯಾಗಿ ಸರ್ವಿಸ್ ಮಾಡಿಸಿ ತೋಟದಲ್ಲಿ ಓಡಿಸಿದ ಗಾಡಿಯೇ ಎಷ್ಟೋ ಸಲ ಮೇಲು. ಇದು ನನ್ನ ಅಭಿಪ್ರಾಯ, ಮೇಸ್ತ್ರಿಯದ್ದೂ ಅದೇ.

ನಾವು ಕೊನೆಗೆ ತಂದದ್ದು ಇನ್ನೊಬ್ಬ ಡೀಲರ್ ಹತ್ತಿರ ಇದ್ದ ಗಾಡಿ. 2018ರ ಮಾಡೆಲ್, ಕೆಎ ನಂಬರ್. ಮೇಲೆ ಅಲ್ಲಲ್ಲಿ ಗೀರು ಇತ್ತು, ಡಾಲಾದ ಒಳಗೆ ಬಣ್ಣ ಎದ್ದಿತ್ತು. ಅದರಿಂದ ನನಗೇನೂ ಬೇಜಾರಾಗಲಿಲ್ಲ. ಮಣ್ಣಿನಲ್ಲಿ 4ಎಚ್, 4ಎಲ್ ಎರಡೂ ಸಲೀಸಾಗಿ ಬಿದ್ದವು. 4ಎಲ್, ಫಸ್ಟ್ ಗೇರ್‌ನಲ್ಲಿ ಆಕ್ಸಿಲರೇಟರ್ ಮುಟ್ಟದೆ ಒಂದು ಮಣ್ಣಿನ ದಿಬ್ಬವನ್ನು ಗಾಡಿ ತಾನೇ ಹತ್ತಿತು. ದೀಪ ಉರಿದರೆ ಸಾಲದು, ಮುಂದಿನ ಚಕ್ರಕ್ಕೆ ಬಲ ಹೋಗುತ್ತಿದೆಯೋ ಅಂತಲೂ ನೋಡಬೇಕು ಅಂತ ಮೇಸ್ತ್ರಿ ಹೇಳಿದರು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಲ್ಲಿ ಎತ್ತಿದರು. ಟೂ ವೀಲ್‌ನಲ್ಲಿ ಇದ್ದಾಗ ಆ ಚಕ್ರ ಕೈಯಲ್ಲಿ ಆರಾಮಾಗಿ ತಿರುಗಿತು. ಫೋರ್ ವೀಲ್ ಹಾಕಿ, ದೀಪ ನಿಂತು ಉರಿದ ಮೇಲೆ ಎಂಜಿನ್ ಆರಿಸಿ ಮತ್ತೆ ತಿರುಗಿಸಿದರು. ಅಲುಗಾಡಲಿಲ್ಲ. ಅಂದರೆ ಮುಂದಿನ ಶಾಫ್ಟ್ ನಿಜವಾಗಿಯೂ ಲಾಕ್ ಆಗಿದೆ ಅಂತ.

ಆಮೇಲೆ ಗಾಡಿಯನ್ನು ಹತ್ತಿರದ ವಾಟರ್ ಸರ್ವಿಸ್‌ನ ರ‍್ಯಾಂಪ್ ಮೇಲೆ ಹತ್ತಿಸಿದೆವು. ತೊಳೆಯುವ ಮೊದಲೇ ನೋಡಬೇಕು. ತೊಳೆದರೆ ಆಯಿಲ್ ಲೀಕ್ ಗುರುತು ಹೋಗುತ್ತದೆ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೂ ಅನುಮಾನ ಪಡಬೇಕು, ಅದರ ಕೆಳಗೆ ತುಕ್ಕೋ ವೆಲ್ಡಿಂಗೋ ಇರಬಹುದು. ಮೇಸ್ತ್ರಿ ಸ್ಕ್ರೂ ಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಇದ್ದ ಕಡೆ ಬರುವ ಸದ್ದೇ ಬೇರೆ, ತುಕ್ಕು ತಿಂದ ಕಡೆ ಬರುವ ಸದ್ದೇ ಬೇರೆ. ಪ್ಲೇಟ್‌ಗಳಲ್ಲಿ ಬಿರುಕು ಇಲ್ಲ, ಹೆಚ್ಚುವರಿ ಪ್ಲೇಟ್ ಹಾಕಿಸಿದ ಗುರುತೂ ಇಲ್ಲ. ಹೆಚ್ಚುವರಿ ಪ್ಲೇಟ್ ಇದ್ದರೆ ಗಾಡಿ ಓವರ್‌ಲೋಡ್ ಹೊತ್ತಿದೆ ಅಂತಲೇ ಅರ್ಥ. ಹೌಸಿಂಗ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳಿಗೆ ಆಯಿಲ್ ತೆಗೆದು ನೋಡಿದರು. ಹಳ್ಳ ದಾಟಿ ಒಳಗೆ ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಕಪ್ಪಾಗಿತ್ತು ಅಷ್ಟೇ. ಮುಂದಿನ ಆಕ್ಸಲ್‌ನ ಒಂದು ರಬ್ಬರ್ ಬೂಟ್ ಹರಿದಿತ್ತು, ಗ್ರೀಸ್ ಹೊರಗೆ ಚಿಮ್ಮಿತ್ತು. ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ನಲ್ಲಿ ಪ್ಲೇ (ಸಡಿಲ) ಇತ್ತು. ಟೈರ್ ಐದೂ ಒಂದೇ ಕಂಪನಿಯವು, ಆದರೆ ಮುಗಿಯುತ್ತಾ ಬಂದಿದ್ದವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದನ್ನೂ ಓದಿ ಬರೆದುಕೊಂಡೆ.

ಎಂಜಿನ್ ವಿಷಯ ಜಾಸ್ತಿ ಬರೆಯುವುದಿಲ್ಲ, ಯಾವ ಡೀಸೆಲ್ ಗಾಡಿಗೂ ನೋಡುವುದನ್ನೇ ನೋಡಿದೆವು. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ರಂಧ್ರದ ಮೇಲೆ ಮಗುಚಿ ಇಟ್ಟರೆ ಅದು ಕುಣಿದು ಹಾರಬಾರದು, ಹೊಗೆ ಬುಸುಬುಸು ಬರಬಾರದು. ಮೇಲಿನ ಗೇರ್‌ನಲ್ಲಿ ಏರು ಹತ್ತಿಸುವಾಗ ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಕಿಲೋಮೀಟರ್ ಮೀಟರನ್ನು ನಾನು ನಂಬುವುದಿಲ್ಲ. ಡೀಲರ್ ಮೂಲಕವೇ ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಸರ್ವಿಸ್ ಹಿಸ್ಟರಿ ತರಿಸಿಕೊಂಡೆ. ಮೀಟರ್, ಬ್ರೇಕ್ ಪೆಡಲ್‌ನ ರಬ್ಬರ್, ಸ್ಟೇರಿಂಗ್‌ನ ಸವೆತ, ಎಲ್ಲ ಒಂದಕ್ಕೊಂದು ತಾಳೆ ಆಯಿತು.

ಬೆಲೆ ಮಾತಾಡುವಾಗ ನಾನು ಸುಮ್ನೆ ಕಡಿಮೆ ಮಾಡಿ ಅಂತ ಕೇಳಲಿಲ್ಲ. ರಬ್ಬರ್ ಬೂಟ್, ಕ್ರಾಸ್, ಐದು ಟೈರ್, ಎಲ್ಲ ಆಯಿಲ್ ಬದಲಾವಣೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎದುರು ರೇಟು ಹಾಕಿದೆ. ಟೈರ್ ಒಂದೇ ಅರ್ಧ ಲಕ್ಷದ ಹತ್ತಿರ ಹೋಯಿತು. ಆ ಹಾಳೆಯನ್ನು ಡೀಲರ್ ಮುಂದೆ ಇಟ್ಟೆ. "ಸಾರ್, ಬೂಟ್, ಕ್ರಾಸ್ ನಾವು ಮಾಡಿಸಿಕೊಡ್ತೀವಿ. ಟೈರ್‌ದು ಅರ್ಧ ನೀವು ಹಾಕ್ಕೊಳ್ಳಿ" ಅಂದರು. ನ್ಯಾಯವಾದ ಮಾತು. ಒಪ್ಪಿದೆ. ತಪ್ಪು ಕಣ್ಣೆದುರು ಇದ್ದಾಗ ಜಗಳ ಬೇಕಾಗಲ್ಲ, ಅಲ್ವಾ? ಅಡ್ವಾನ್ಸ್ ಸ್ವಲ್ಪವೇ ಕೊಟ್ಟೆ. ರಸೀದಿಯಲ್ಲಿ ಈ ಕೆಲಸಗಳನ್ನು ಬರೆಸಿದೆ. ಆರ್‌ಸಿ ವರ್ಗಾವಣೆಗೆ ತೊಡಕು ಬಂದರೆ ಅಡ್ವಾನ್ಸ್ ವಾಪಸ್ ಅಂತಲೂ ಬರೆಸಿದೆ.

ಕಾಗದದ ಕೆಲಸದಲ್ಲಿ ಜನ ಮೈಮರೆಯುತ್ತಾರೆ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಮಾರುವ ಡೀಲರ್‌ಗಳಿಗೆ ಕೇಂದ್ರದ ಹೊಸ ನಿಯಮ ಇದೆ. ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಡೀಲರ್‌ಗೆ ಓನರ್ ಗಾಡಿ ಒಪ್ಪಿಸಿದ್ದನ್ನು ಸರ್ಕಾರದ ಪೋರ್ಟಲ್‌ನಲ್ಲಿ ತಿಳಿಸಬೇಕು. ಆಮೇಲೆ ಗಾಡಿಯ ಜವಾಬ್ದಾರಿ ಡೀಲರ್‌ದು, ವರ್ಗಾವಣೆಗೆ ಅರ್ಜಿಯನ್ನೂ ಅವರೇ ಹಾಕಬಹುದು. ಹಳೆ ಪದ್ಧತಿಯಲ್ಲಿ ಓನರ್ ಹತ್ತಿರ ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು ಇಟ್ಟಿರುತ್ತಾರೆ. ಆ ಓನರ್ ಊರು ಬಿಟ್ಟಿದ್ದರೋ, ತೀರಿಕೊಂಡಿದ್ದರೋ ನಮ್ಮ ಗತಿ ಏನು? ಅದಕ್ಕೆ ನಾನು ಎಲ್ಲ ಕಡೆ ಮೊದಲು ಕೇಳಿದ್ದು ಆ ಅಧಿಕಾರ ಪತ್ರ. ನಾನು ಗಾಡಿ ತೆಗೆದುಕೊಂಡವರ ಹತ್ತಿರ ಅದು ಇತ್ತು.

ಮನೆಯಲ್ಲೇ ಕೂತು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಆರ್‌ಸಿ ಅವಧಿ, ಇನ್ಶೂರೆನ್ಸ್, ಸಾಲ ಇದೆಯೋ ಎಲ್ಲ ನೋಡಿದೆ. ಬಾಕಿ ಚಲನ್ ಇದೆಯೋ ಅಂತಲೂ ನೋಡಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿತ್ತು, ಸಾಲ ತೀರಿತ್ತು. ಬ್ಯಾಂಕಿನ ಪತ್ರ ಮತ್ತು ಫಾರಂ 35 ಹಾಕಿ ಆ ಹೆಸರು ತೆಗೆಸುವವರೆಗೆ ನಾನು ಪೂರ್ತಿ ದುಡ್ಡು ಕೊಡಲಿಲ್ಲ. ಚಾಸಿ ಮೇಲೆ ಕೊರೆದಿರುವ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದಕ್ಕೆ ತೆಗೆದು ಆರ್‌ಸಿ ಜೊತೆ ಹೋಲಿಸಿದೆವು. ಎಂಜಿನ್ ನಂಬರನ್ನೂ ಹೋಲಿಸಿದೆವು. ಫಾರಂ 29 ಮಾರುವವರದ್ದು, ಫಾರಂ 30 ವರ್ಗಾವಣೆಯದ್ದು. ಎರಡನ್ನೂ ಭರ್ತಿ ಮಾಡಿಸಿ ನನ್ನ ಕಣ್ಣೆದುರೇ ಸಹಿ ಹಾಕಿಸಿದೆ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿ ಆದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ನಂಬರ್ ಪ್ಲೇಟ್ ಹಾಕಿಸಿದ್ದಾರೋ ಅಂತ ನೋಡಿದೆ, ಹಾಕಿಸಿದ್ದರು.

ಬಿಲ್ ವಿಷಯ ಒಂದು. ಹಳೆ ಗಾಡಿಯ ಮೇಲೆ ಜಿಎಸ್‌ಟಿ ಇರುವುದು ಡೀಲರ್‌ನ ಲಾಭದ ಮೇಲೆ ಮಾತ್ರ. 2025ರ ಜನವರಿಯಿಂದ ಅದು ಶೇ. 18. ಗಾಡಿಯ ಪೂರ್ತಿ ಬೆಲೆಗೆ ಶೇ. 18 ಸೇರಿಸಿ ಹೇಳುವವರು ಸಿಕ್ಕರೆ ಯಾವ ಲೆಕ್ಕ ಅಂತ ಕೇಳಿ. ದುಡ್ಡನ್ನು ಬಿಲ್‌ನಲ್ಲಿರುವ ಹೆಸರಿನ ಖಾತೆಗೇ ಹಾಕಿದೆ. ಡೆಲಿವರಿ ಪತ್ರದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿದೆ. ಅದಕ್ಕೆ ಮೊದಲಿನ ಚಲನ್ ಏನೇ ಬಂದರೂ ಅದು ನಮ್ಮದಲ್ಲ.

ಇನ್ಶೂರೆನ್ಸ್ ಮಾತ್ರ ಯಾರೂ ತಾವಾಗಿ ಮಾಡಿಕೊಡುವುದಿಲ್ಲ. ಥರ್ಡ್ ಪಾರ್ಟಿ ಭಾಗ ಹೊಸ ಓನರ್‌ಗೆ ತಾನಾಗಿ ಬರುತ್ತದೆ. ನಮ್ಮ ಗಾಡಿಗೇ ಏಟಾದರೆ ಸಿಗಬೇಕಾದ ಭಾಗ ಹಾಗಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆ ಓನರ್‌ನ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಅದರ ವ್ಯತ್ಯಾಸ ನಾವು ಕಟ್ಟಬೇಕು. ಬೆಲೆ ಮಾತಾಡುವಾಗ ಈ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಊರಿಗೆ ತಂದ ಮೇಲೆ ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗ್, ಎಲ್ಲದರ ಆಯಿಲ್ ಬದಲಾಯಿಸಿದೆವು. ಯಾವಾಗ ಬದಲಾಯಿಸಿದ್ದರು ಅಂತ ಊಹಿಸುವುದಕ್ಕಿಂತ ಇದೇ ನೆಮ್ಮದಿ. ಐದೂ ಟೈರ್ ಒಟ್ಟಿಗೆ ಹಾಕಿಸಿದೆ. ಮಳೆ ಇಲ್ಲದ ತಿಂಗಳಲ್ಲೂ ಒಮ್ಮೆ ಮಣ್ಣಿನ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸುತ್ತೇವೆ, ಜಾಮ್ ಆಗದೆ ಇರಲಿ ಅಂತ. ಕಳೆದ ಮಳೆಗಾಲದಲ್ಲಿ ಗೊಬ್ಬರ ಕೆಳಗಿನ ಬ್ಲಾಕಿನವರೆಗೆ ಗಾಡಿಯಲ್ಲೇ ಹೋಯಿತು. ಯಾರೂ ತಲೆ ಮೇಲೆ ಹೊರಬೇಕಾಗಲಿಲ್ಲ.

ಇಷ್ಟಾದರೂ ಎಲ್ಲರೂ ವಿ-ಕ್ರಾಸ್ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ದಿನಾ ಭಾರ ಹೊರುವ ಕೆಲಸ ಇದ್ದು, ಪೇಟೆಗೆ ಓಡಾಟ ಕಡಿಮೆ ಇದ್ದರೆ ಫೋರ್ ವೀಲ್ ಕ್ಯಾಂಪರ್ ನೋಡಿ. ಅದು ಅಷ್ಟು ಆರಾಮಿಲ್ಲ, ಎಫ್‌ಸಿ ಓಡಾಟ ಇದೆ. ಆದರೆ ರಿಪೇರಿ ಊರಲ್ಲೇ ಆಗುತ್ತದೆ. ಯಾವುದೇ ನೋಡಿದರೂ ಜೀಪು ಬಿಚ್ಚಿ ಗೊತ್ತಿರುವ ಮೇಸ್ತ್ರಿಯೊಬ್ಬರು ಜೊತೆಗಿರಲಿ, ಡೀಲರ್‌ಗೆ ಮಣ್ಣಿನ ಜಾಗ ಎಲ್ಲಿದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.